ಗಡಿ ದಾಟಿದ ರೀಲುಗಳು: ಓಶಿಮಾ ಚಿತ್ರ ಮತ್ತು ಅಶ್ಲೀಲತೆಯ ಪ್ರಶ್ನೆ

ವಯಸ್ಕರ ಸಿನಿಮಾ ಕುರಿತ ವಿವಾದಗಳಲ್ಲಿ ತೆರೆಯ ಮೇಲೆ ಏನು ಕಂಡಿತು ಎಂಬುದೇ ಮುಖ್ಯವಾಗುತ್ತದೆ. ಜಪಾನಿನ ನಿರ್ದೇಶಕ ನಗಿಸಾ ಓಶಿಮಾ ಅವರ ‘ಐ ನೋ ಕೊರೀದಾ’ (1976) ಚಿತ್ರದ ಚರಿತ್ರೆ ಇನ್ನೆರಡು ಪ್ರಶ್ನೆಗಳನ್ನು ಎತ್ತುತ್ತದೆ. ಅಶ್ಲೀಲತೆ ಇರುವುದು ಚಿತ್ರದಲ್ಲೋ, ಅದನ್ನು ನೋಡುವ ನೆಲದ ಕಾನೂನಿನಲ್ಲೋ? ಮರ್ಯಾದೆಯ ಗೆರೆ ದಾಟಿದ್ದಕ್ಕೆ ಬೆಲೆ ತೆತ್ತವರು ಯಾರು?

1936ರ ಮೇ ತಿಂಗಳಲ್ಲಿ ಟೋಕಿಯೋದಲ್ಲಿ ಆಬೆ ಸಾದಾ ಎಂಬಾಕೆ ತನ್ನ ಪ್ರಿಯಕರನ ಕತ್ತು ಬಿಗಿದು ಕೊಂದ ಘಟನೆಯೇ ಚಿತ್ರದ ವಸ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಅದೇ ನಗರದಲ್ಲಿ ಸೇನಾಧಿಕಾರಿಗಳ ದಂಗೆ ನಡೆದಿತ್ತು. ಚಿತ್ರದ ಒಂದು ದೃಶ್ಯದಲ್ಲಿ ಸೈನಿಕರ ಸಾಲು ಬೀದಿಯಲ್ಲಿ ಸಾಗುತ್ತಿರುವಾಗ ನಾಯಕ ತಲೆತಗ್ಗಿಸಿ ಎದುರು ದಿಕ್ಕಿಗೆ ನಡೆಯುತ್ತಾನೆ. ಯುದ್ಧಕ್ಕೆ ಸಜ್ಜಾಗುತ್ತಿದ್ದ ರಾಷ್ಟ್ರಕ್ಕೆ ಬೆನ್ನು ತಿರುಗಿಸಿದ ಈ ನಡಿಗೆಯೇ, ನನ್ನ ದೃಷ್ಟಿಯಲ್ಲಿ, ಚಿತ್ರದ ನಿಜವಾದ ಉಲ್ಲಂಘನೆ.

ಚಿತ್ರದ ಲೈಂಗಿಕ ದೃಶ್ಯಗಳು ತೋರಿಕೆಯ ಅಭಿನಯವಲ್ಲ. ಅಶ್ಲೀಲ ವಸ್ತುಗಳ ಪ್ರಸಾರವನ್ನು ಶಿಕ್ಷಿಸುವ ಜಪಾನಿನ ದಂಡಸಂಹಿತೆಯ 175ನೇ ವಿಧಿಯಿಂದ ಪಾರಾಗಲು ಓಶಿಮಾ ಫ್ರೆಂಚ್ ನಿರ್ಮಾಪಕ ಅನತೋಲ್ ದೋಮನ್ ಜೊತೆ ಸೇರಿದರು. ಚಿತ್ರೀಕರಣ ಕ್ಯೋಟೋದಲ್ಲಿ ನಡೆಯಿತು. ರೀಲುಗಳು ಸಂಸ್ಕರಣೆಗೆ ಫ್ರಾನ್ಸಿಗೆ ಹೋದವು. ಕಾನೂನಿನ ಲೆಕ್ಕಕ್ಕೆ ಇದು ಫ್ರೆಂಚ್ ಚಿತ್ರವಾಯಿತು. ತಾಯ್ನಾಡಿಗೆ ಮರಳಿದ್ದು ಕತ್ತರಿ ಬಿದ್ದ, ಮಸುಕುಗೊಂಡ ಪ್ರತಿ. ಗಡಿಯ ತೊಡಕು ಜಪಾನಿಗಷ್ಟೇ ಸೀಮಿತವಾಗಿರಲಿಲ್ಲ: 1976ರಲ್ಲೇ ನ್ಯೂಯಾರ್ಕ್ ಚಿತ್ರೋತ್ಸವದ ಪ್ರದರ್ಶನವನ್ನು ಅಮೆರಿಕದ ಕಸ್ಟಮ್ಸ್ ತಡೆಯಿತು.

ಚಿತ್ರವನ್ನು ಹಿಡಿಯಲಾಗದ ಕಾನೂನು ಪುಸ್ತಕವನ್ನು ಹಿಡಿಯಿತು. ಚಿತ್ರಕಥೆ ಮತ್ತು ಸ್ಥಿರಚಿತ್ರಗಳಿದ್ದ ಪ್ರಕಟಣೆಗಾಗಿ ಓಶಿಮಾ ಕಟಕಟೆ ಹತ್ತಬೇಕಾಯಿತು. ಅಶ್ಲೀಲವಾದುದು ಯಾಕೆ ತಪ್ಪು ಎಂದೇ ಅವರು ನ್ಯಾಯಾಲಯವನ್ನು ಪ್ರಶ್ನಿಸಿದರು. 1979ರಲ್ಲಿ ಖುಲಾಸೆಯಾಯಿತು, 1982ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಈ ಗೆಲುವಿನಲ್ಲೇ ಕಥೆ ಮುಗಿಸುವುದು ಅನ್ಯಾಯ. 1978ರಲ್ಲಿ ಓಶಿಮಾ ಕಾನ್ ಚಿತ್ರೋತ್ಸವದ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಪಡೆದರು. ನಾಯಕ ನಟ ತತ್ಸುಯಾ ಫುಜಿ ದಶಕಗಳ ಕಾಲ ನಟಿಸುತ್ತ ಬಂದರು. ಸಾದಾ ಪಾತ್ರ ಮಾಡಿದ ಏಕೋ ಮತ್ಸುದಾ ಮಾತ್ರ ಕೆಲವೇ ಚಿತ್ರಗಳ ನಂತರ ತೆರೆಯಿಂದ ಮರೆಯಾದರು. ಹೆಣ್ಣಿನ ಕಾಮನೆಯನ್ನು ಕೇಂದ್ರಕ್ಕೆ ತಂದ ಚಿತ್ರದಲ್ಲಿ ಆ ಕಾಮನೆಗೆ ದೇಹ ಕೊಟ್ಟವಳಿಗೇ ನೆಲೆ ಸಿಗಲಿಲ್ಲ.

ಅಶ್ಲೀಲತೆಯ ಕಾನೂನು ನೋಡುವವರ ಲಜ್ಜೆಯನ್ನು ಅಳೆಯುತ್ತದೆ. ನಟಿಸಿದವರ ಬದುಕು ಅದರ ಕಣ್ಣಿಗೆ ಬೀಳುವುದಿಲ್ಲ. ವಿವಾದಿತ ಸಿನಿಮಾದ ಅಧ್ಯಯನವಾದರೂ ಆ ಬದುಕಿನಿಂದ ಆರಂಭವಾಗಬೇಕು.