ಸುಧಾ ಮೂರ್ತಿ: ಪುಸ್ತಕಕ್ಕೂ ಮೊದಲೇ ಪರಿಚಯವಾಗುವ ಲೇಖಕಿ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ, ಕನ್ನಡದ ಗಂಧವೇ ಇಲ್ಲದವರನ್ನು ಕೇಳಿದರೂ ಒಬ್ಬ ಕನ್ನಡ ಲೇಖಕಿಯ ಹೆಸರು ಗೊತ್ತಿರುತ್ತದೆ: ಸುಧಾ ಮೂರ್ತಿ. ‘ಡಾಲರ್ ಸೊಸೆ’ ಓದಿದ್ದೀರಾ ಅಂತ ಕೇಳಿ, ಹೆಚ್ಚಿನವರು ಇಲ್ಲ ಅಂತಾರೆ. ಆದರೆ ಅವರ ಸರಳತೆ ಬಗ್ಗೆ ನಾಲ್ಕು ಕಥೆ ಹೇಳ್ತಾರೆ.

1950ರಲ್ಲಿ ಶಿಗ್ಗಾಂವಿಯಲ್ಲಿ ಹುಟ್ಟಿದ ಸುಧಾ ಕುಲಕರ್ಣಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದರು, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದಿದ್ದ ಟೆಲ್ಕೊ ಜಾಹೀರಾತು ನೋಡಿ ಜೆ.ಆರ್.ಡಿ. ಟಾಟಾಗೆ ಕಾರ್ಡು ಬರೆದು ಕೆಲಸ ಗಿಟ್ಟಿಸಿಕೊಂಡರು. 1981ರಲ್ಲಿ ಇನ್ಫೊಸಿಸ್ ಶುರುವಾದಾಗ ಗಂಡನಿಗೆ ತಮ್ಮ ಉಳಿತಾಯದ 10,000 ರೂಪಾಯಿ ಕೊಟ್ಟರು. ಇವೆಲ್ಲ ಎಲ್ಲರಿಗೂ ಬಾಯಿಪಾಠ. ಕಾರಣ, ಇವನ್ನು ಅವರೇ ಬರೆದಿದ್ದಾರೆ, ವೇದಿಕೆಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ. ಅವರ ಪುಸ್ತಕಗಳಲ್ಲಿ ಹೆಚ್ಚು ಜನ ಓದಿದ ಕಥೆಗಳ ನಾಯಕಿಯೂ ಅವರೇ. ಅಜ್ಜಿಗೆ ಓದಲು ಕಲಿಸಿದ ಹುಡುಗಿಯೇ ಮುಂದೆ ಹಳ್ಳಿ ಶಾಲೆಗಳಿಗೆ ಪುಸ್ತಕ ಕೊಟ್ಟವರು ಅನ್ನುವಾಗ ಬದುಕು ಬರಹಕ್ಕೆ ಸಾಕ್ಷಿ, ಬರಹ ಬದುಕಿಗೆ ಸಾಕ್ಷಿ.

ಸಾಕ್ಷಿ ಸಾಲದಿದ್ದರೆ ವಾಟ್ಸಾಪ್ ಇದ್ದೇ ಇದೆ. ತರಕಾರಿಗಳ ನಡುವೆ ಕೂತ ಅವರ ಫೋಟೊ 2020ರಲ್ಲಿ ಊರೆಲ್ಲಾ ಸುತ್ತಿತು. ಅಹಂಕಾರ ಕಳೆದುಕೊಳ್ಳಲು ವರ್ಷಕ್ಕೊಂದು ದಿನ ತರಕಾರಿ ಮಾರ್ತಾರೆ ಅನ್ನೋದು ಅದರ ಒಕ್ಕಣೆ. ಅಸಲಿಗೆ ಅದು ಜಯನಗರದ ರಾಯರ ಮಠದಲ್ಲಿ ಅವರು ಮಾಡುತ್ತಿದ್ದ ಸೇವೆಯ ಚಿತ್ರ. ಮಾರಾಟ ಗೀರಾಟ ಏನೂ ಇರಲಿಲ್ಲ.

ಕನ್ನಡದಲ್ಲಿ ಲೇಖಕರಿಗೆ ಹೆಸರು ಬರುವ ದಾರಿ ಬೇರೆಯಿತ್ತು. ತುರ್ತುಪರಿಸ್ಥಿತಿ ವಿರೋಧಿಸಿ ಶಿವರಾಮ ಕಾರಂತರು ಪದ್ಮಭೂಷಣ ವಾಪಸ್ ಮಾಡಿದರು. ಗಿರೀಶ ಕಾರ್ನಾಡರು 2018ರಲ್ಲಿ ಮೂಗಿಗೆ ಆಮ್ಲಜನಕದ ನಳಿಕೆ ಇಟ್ಟುಕೊಂಡೇ ‘ನಾನೂ ನಗರ ನಕ್ಸಲ’ ಅನ್ನೋ ಫಲಕ ತೂಗುಹಾಕಿಕೊಂಡು ಕೂತರು. ಜಗಳವೇ ಅವರ ಸಾರ್ವಜನಿಕ ಮುಖ. ಐಟಿಯಿಂದಲೇ ಬಂದ ವಸುಧೇಂದ್ರರದ್ದೂ ಅಂಥದ್ದೇ ದಾರಿ. ಸಲಿಂಗಿ ನಾಯಕನ ಕಥೆಗಳ ‘ಮೋಹನಸ್ವಾಮಿ’ ಬಂದದ್ದು 2013ರಲ್ಲಿ. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ಅನ್ನು ಎತ್ತಿಹಿಡಿಯಿತು. ಹೆಸರು ಬಂತು, ಅಪಾಯ ಕಟ್ಟಿಕೊಂಡು ಬಂತು.

ಸುಧಾ ಮೂರ್ತಿಯವರ ಕೀರ್ತಿ ನಿಂತಿರುವುದು ಶ್ರೀಮಂತಿಕೆ ಇದ್ದೂ ಸರಳ ಅನ್ನೋ ಮಾತಿನ ಮೇಲೆ. ಈ ಮಾತಿನಿಂದ ಕಂಪನಿಗೂ ಲಾಭವಿದೆ. 1996ರಲ್ಲಿ ಶುರುವಾದ ಇನ್ಫೊಸಿಸ್ ಪ್ರತಿಷ್ಠಾನಕ್ಕೆ 2021ರ ಕೊನೆಯವರೆಗೂ ಅವರದೇ ಮುಖ. ಹಣ ಕಂಪನಿಯದು. 2014ರಿಂದ ಇಂಥ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕೆಂದು ಕಂಪನಿ ಕಾಯ್ದೆಯೇ ಹೇಳುತ್ತದೆ. ಕಾಯ್ದೆ ಬರುವ 18 ವರ್ಷ ಮೊದಲೇ ಈ ಕೆಲಸ ಶುರುವಾಗಿತ್ತು, ಅದನ್ನು ಒಪ್ಪಲೇಬೇಕು. ಆದರೆ ಕಾಯ್ದೆ ಬಂದ ಮೇಲೂ ಜನರ ಕಣ್ಣಿಗೆ ಅದು ‘ಅಮ್ಮ ಕೊಟ್ಟದ್ದು’. ಐಟಿ ಕಂಪನಿಗಳ ಭೂಮಿ, ತೆರಿಗೆ ರಿಯಾಯಿತಿ, ದುಡಿಮೆಯ ಅವಧಿಯ ಬಗ್ಗೆ ಕೇಳಬೇಕಾದ ಪ್ರಶ್ನೆ ಆ ಮಮತೆಯ ಎದುರು ಒರಟಾಗಿ ಕೇಳಿಸುತ್ತದೆ.

ಹೀಗಾಗಿ ಅವರ ಮೇಲಿನ ಜಗಳಗಳಲ್ಲೂ ಪುಸ್ತಕ ಇರುವುದಿಲ್ಲ. 2023ರಲ್ಲಿ, ಪದ್ಮಭೂಷಣ ಬಂದ ವರ್ಷವೇ, ಸಸ್ಯಾಹಾರಕ್ಕೂ ಮಾಂಸಾಹಾರಕ್ಕೂ ಒಂದೇ ಚಮಚ ಬಳಸಿಬಿಟ್ಟರೆ ಅನ್ನೋ ಭಯ ತಮಗಿದೆ ಎಂದರು. ಮಾತು ಆಹಾರದ ಮಡಿಗೆ, ಜಾತಿಗೆ ತಿರುಗಿತು. 2024ರ ಮಾರ್ಚ್‌ನಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಮೊದಲ ಭಾಷಣದಲ್ಲಿ ಗರ್ಭಕಂಠದ ಕ್ಯಾನ್ಸರ್ ಲಸಿಕೆ ಬೇಕೆಂದು ಕೇಳಿ ಮೆಚ್ಚುಗೆ ಪಡೆದರು. 2025ರ ಅಕ್ಟೋಬರ್‌ನಲ್ಲಿ, ತಾವು ಹಿಂದುಳಿದ ವರ್ಗದವರಲ್ಲ ಎಂಬ ಕಾರಣ ಕೊಟ್ಟು ರಾಜ್ಯದ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗೆ ಮಾಹಿತಿ ಕೊಡಲು ದಂಪತಿ ಒಪ್ಪಲಿಲ್ಲ. ಇದು ಎಲ್ಲರ ಸಮೀಕ್ಷೆ, ಹಿಂದುಳಿದವರದು ಮಾತ್ರ ಅಲ್ಲ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ತಿರುಗೇಟು ಕೊಟ್ಟರು. ಅಷ್ಟೂ ದಿನ ಟೀವಿ ಪರದೆ ಮೇಲೆ ಅವರ ಹೆಸರಿನ ಪಕ್ಕ ‘ಲೇಖಕಿ’ ಅಂತಲೂ ಬರೆದಿತ್ತು.