ಮರಿಮೀನಿಗೆ ಬಂದ ಬೆಲೆ: ಕರ್ನಾಟಕ ಕರಾವಳಿಯ ಬೂತಾಯಿ, ಫಿಶ್‌ಮೀಲ್ ಉದ್ಯಮ ಮತ್ತು ಸಂರಕ್ಷಣೆಯ ಪ್ರಶ್ನೆ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಕರ್ನಾಟಕದಲ್ಲಿ 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಮಂಗಳೂರಿನ ದಕ್ಕೆಯಿಂದ ಕಾರವಾರದ ಬೈತಖೋಲದವರೆಗೆ ಟ್ರಾಲ್‌ಬೋಟುಗಳೂ ಪರ್ಸಿನ್ ಬೋಟುಗಳೂ ಆಗ ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಕಡಲಜೀವಿಗಳ ರಕ್ಷಣೆ ಎಂದೊಡನೆ ನಮ್ಮಲ್ಲಿ ಮೊದಲು ನೆನಪಾಗುವುದು ಈ ರಜೆ. ಅದು ಬೇಕೇ ಬೇಕು. ಆದರೆ ಯಾವಾಗ ಹಿಡಿಯಬಾರದು ಎಂಬುದನ್ನಷ್ಟೇ ಅದು ಹೇಳುತ್ತದೆ. ಯಾವ ಮೀನನ್ನು, ಎಷ್ಟು ಬೆಳೆಯುವ ಮೊದಲು ಹಿಡಿಯಬಾರದು ಎಂಬ ಪ್ರಶ್ನೆ ಉಳಿದ ಹತ್ತು ತಿಂಗಳೂ ಹಾಗೆಯೇ ಉಳಿಯುತ್ತದೆ. ಹಿಂದೆ ಯಾರಿಗೂ ಬೇಡವಾಗಿದ್ದ ಮರಿಮೀನಿಗೆ ಈಗ ಖಾತರಿ ಗಿರಾಕಿ ಸಿಕ್ಕಿದ್ದಾನೆ. ಆದ್ದರಿಂದ ಮರಿಗಳನ್ನು ಉಳಿಸುವ ಕೆಲಸ ಆ ಖರೀದಿಯಿಂದಲೇ ಶುರುವಾಗಬೇಕು ಎಂಬುದು ಈ ಲೇಖನದ ವಾದ. ಪ್ಲಾಸ್ಟಿಕ್, ನಗರಗಳ ಕೊಳಚೆ, ಅಳಿವೆಗಳ ಹೂಳು, ಬಂದರು ಕಾಮಗಾರಿಗಳ ಹಾನಿ ಸಣ್ಣದೇನಲ್ಲ. ಅವುಗಳಿಗೆ ಬೇರೆಯೇ ಅಧ್ಯಯನ ಬೇಕು.

ಬೂತಾಯಿ ಮೀನಿನ (ಆಯಿಲ್ ಸಾರ್ಡೀನ್) ಬದುಕು ಚಿಕ್ಕದು, ಹೆಚ್ಚೆಂದರೆ ಎರಡೂವರೆ ಮೂರು ವರ್ಷ. ಸುಮಾರು ಒಂದು ವರ್ಷದಲ್ಲಿ 15 ಸೆಂ.ಮೀ. ಆಸುಪಾಸಿಗೆ ಬೆಳೆದು ಮೊಟ್ಟೆಯಿಡಲು ಸಿದ್ಧವಾಗುತ್ತದೆ. ಮುಂಗಾರಿನಲ್ಲಿ ಆಳದ ತಂಪು ನೀರು ಪೋಷಕಾಂಶಗಳನ್ನು ಹೊತ್ತು ಮೇಲೆ ಬರುತ್ತದೆ, ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ದಟ್ಟವಾಗಿ ಹಬ್ಬುತ್ತವೆ, ಅದೇ ಹೊತ್ತಿಗೆ ಬೂತಾಯಿ ಮೊಟ್ಟೆಯಿಡುತ್ತದೆ. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಮ್ ಹೆಚ್ಚಾದಲ್ಲಿ ಬೂತಾಯಿಯೂ ಹೆಚ್ಚು ಎಂಬುದನ್ನು 1950ರ ದಶಕದಲ್ಲೇ ನಮ್ಮ ವಿಜ್ಞಾನಿಗಳು ಗುರುತಿಸಿದ್ದರು. ಮಳೆಗಾಲದ ರಜೆ ತಾಯಿಮೀನಿಗೆ ಒಳ್ಳೆಯ ರಕ್ಷಣೆಯನ್ನೇ ಕೊಡುತ್ತದೆ. ಆದರೆ ಆಗ ಹುಟ್ಟಿದ ಮರಿಗಳು ಬಲೆಗೆ ಸಿಗುವಷ್ಟು ದೊಡ್ಡದಾಗುವುದು ಮಳೆ ಹಿಂಜರಿದ ಮೇಲಿನ ತಿಂಗಳುಗಳಲ್ಲಿ. ಅಷ್ಟರಲ್ಲಿ ಆಗಸ್ಟಿನಲ್ಲೇ ಬೋಟುಗಳು ಹೊರಟಾಗಿರುತ್ತದೆ. ಮೊಟ್ಟೆಯಿಡುವಾಗ ಕಾದ ಕಾನೂನು ಮರಿ ಈಜಲು ಕಲಿತ ಮೇಲೆ ಕೈಬಿಡುತ್ತದೆ.

ಇದರ ನಷ್ಟ ಕಡಲಿಗೆ ಮಾತ್ರವಲ್ಲ, ಮೀನುಗಾರನಿಗೂ ಇದೆ. ಮೀನಿನ ಉದ್ದ ಇಮ್ಮಡಿಯಾದರೆ ತೂಕ ಸುಮಾರು ಎಂಟು ಪಟ್ಟಾಗುತ್ತದೆ. 8 ಸೆಂ.ಮೀ. ಮರಿ 16 ಸೆಂ.ಮೀ. ಆಗುವವರೆಗೆ ಎಷ್ಟೋ ಮರಿಗಳು ದೊಡ್ಡ ಮೀನಿನ ಬಾಯಿಗೆ ಬೀಳುತ್ತವೆ, ನಿಜ. ಆದರೂ ಉಳಿದವುಗಳ ತೂಕ, ದರ, ಅವು ಇಡುವ ಮೊಟ್ಟೆ ಎಲ್ಲವನ್ನೂ ಕೂಡಿಸಿ ನೋಡಿದರೆ ಕಾಯುವುದೇ ಲಾಭ.

ಟ್ರಾಲ್ ಬಲೆಯ ತುದಿಯಲ್ಲಿ ಮೀನು ಬಂದು ಸೇರುವ ಚೀಲವನ್ನು ಹತ್ತಿರದಿಂದ ನೋಡಬೇಕು. ದಡದಲ್ಲಿ ಹರಡಿದಾಗ ಅದರ ವಜ್ರಾಕಾರದ ಕಣ್ಣುಗಳಲ್ಲಿ ಬೆರಳು ಸಲೀಸಾಗಿ ತೂರುತ್ತದೆ. ನೀರಿನಲ್ಲಿ ಬೋಟು ಎಳೆಯತೊಡಗಿ ಚೀಲ ಭಾರವಾದಂತೆ ಹಗ್ಗ ಬಿಗಿಯುತ್ತದೆ, ಆ ಕಣ್ಣುಗಳು ಉದ್ದಕ್ಕೆ ಜಗ್ಗಿ ಮುಚ್ಚಿಕೊಳ್ಳುತ್ತವೆ. ಕಣ್ಣಿನ ಅಳತೆ ಕಾಗದದಲ್ಲಿ ಎಷ್ಟೇ ಇರಲಿ, ಆಮೇಲೆ ಮರಿಗೆ ಹೊರದಾರಿಯಿಲ್ಲ. ಚೌಕ ಕಣ್ಣಿನ ಚೀಲ ಹೀಗೆ ಮುಚ್ಚಿಕೊಳ್ಳುವುದಿಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಬಹುಕಾಲದಿಂದ ಅದನ್ನೇ ಬಳಸಿ ಎನ್ನುತ್ತಿದೆ. ಅದಕ್ಕೆ ತಗಲುವ ಖರ್ಚೂ ದೊಡ್ಡದಲ್ಲ. ಬದಲಿಸಬೇಕಾದದ್ದು ಇಡೀ ಬಲೆಯನ್ನಲ್ಲ, ತುದಿಯ ಚೀಲವನ್ನು. ಹಾಗಿದ್ದೂ ಬೋಟಿನವರು ಅದನ್ನು ಏಕೆ ಒಪ್ಪುವುದಿಲ್ಲ?

ದಕ್ಕೆಯಲ್ಲಿ ಮೀನು ಇಳಿಸುವುದನ್ನು ನೋಡಿದರೆ ಕಾರಣ ತಿಳಿಯುತ್ತದೆ. ಹತ್ತು ಹನ್ನೆರಡು ದಿನ ಕಡಲಲ್ಲಿದ್ದು ಬಂದ ಬೋಟಿನಿಂದ ಮೊದಲು ಅಂಜಲ್, ಬೊಂಡಾಸ್, ದೊಡ್ಡ ಮದ್ಮಲ್‌ಗಳು ಮಂಜುಗಡ್ಡೆಯ ಸಮೇತ ಬುಟ್ಟಿಗಳಲ್ಲಿ ಜೋಪಾನವಾಗಿ ಇಳಿಯುತ್ತವೆ. ಕೊನೆಗೆ ಬರುವುದು ಮೆತ್ತಗಾದ ಮೀನಿನ ರಾಶಿ. ಬೆರಳುದ್ದದ ಮದ್ಮಲ್, ದಾರದಂಥ ಪಾಂಬೋಲು, ಮುದ್ದೆಯಾದ ಏಡಿ, ಬೊಂಡಾಸಿನ ಮರಿ ಎಲ್ಲ ಅದರಲ್ಲಿ ಒಂದಾಗಿರುತ್ತವೆ. ಅದನ್ನು ಸಲಿಕೆಯಲ್ಲಿ ಎತ್ತಿ ಲಾರಿಗೆ ತುಂಬುತ್ತಾರೆ. ಹಿಂದೆ ಇಂಥದ್ದರ ಬಹುಪಾಲನ್ನು ಕಡಲಿಗೇ ಚೆಲ್ಲುತ್ತಿದ್ದರು. ಇಂದು ಅದಕ್ಕೂ ಕಿಲೋ ಲೆಕ್ಕದಲ್ಲಿ ದುಡ್ಡು ಸಿಗುತ್ತದೆ. ಟ್ರಿಪ್ಪಿನ ಡೀಸೆಲ್ ಖರ್ಚನ್ನು ಅಷ್ಟಾದರೂ ತುಂಬಿಕೊಳ್ಳಬೇಕಾದ ಮಾಲೀಕ ಚೌಕ ಕಣ್ಣಿನ ಚೀಲ ಕಟ್ಟಿ ಆ ದುಡ್ಡನ್ನು ಬಿಟ್ಟುಕೊಡಲಿ ಎಂದು ನಿರೀಕ್ಷಿಸುವುದು ಕಷ್ಟ.

ಆ ಲಾರಿಗಳು ಹೋಗುವುದು ಫಿಶ್‌ಮೀಲ್ ಕಾರ್ಖಾನೆಗಳಿಗೆ. ಒಂದು ಕಿಲೋ ಹಿಟ್ಟಿಗೆ ಸುಮಾರು ನಾಲ್ಕರಿಂದ ಐದು ಕಿಲೋ ಹಸಿಮೀನು ಬೇಕು. ಹಿಟ್ಟು ಹೋಗುವುದು ಸಾಕಣೆಯ ಸಿಗಡಿ, ಮೀನು, ಕೋಳಿಗಳ ಆಹಾರಕ್ಕೆ. 2009ರಲ್ಲಿ ವನ್ನಾಮೈ ಸಿಗಡಿ ಸಾಕಣೆಗೆ ಭಾರತದಲ್ಲಿ ಅನುಮತಿ ಸಿಕ್ಕ ಮೇಲೆ ಆಂಧ್ರದ ಕೊಳಗಳು ಹಿಗ್ಗಿದವು. ಜತೆಗೆ ಈ ಹಿಟ್ಟಿನ ಬೇಡಿಕೆಯೂ ಏರಿತು. ನಮ್ಮ ಕರಾವಳಿಯ ಬಡವರ ತಟ್ಟೆಯ ಮೀನು ದೂರದ ದೇಶದ ಊಟದ ಮೇಜಿಗೆ ಹೋಗುವ ಸಿಗಡಿಗೆ ಮೇವಾಗುತ್ತಿರುವುದನ್ನು ಅಭಿವೃದ್ಧಿ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಕರಾವಳಿಗೆ ಈ ಉದ್ಯಮ ಹೊಸದಲ್ಲ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 20ನೇ ಶತಮಾನದ ಆರಂಭದಲ್ಲೇ, ಬೂತಾಯಿಯನ್ನು ಬೇಯಿಸಿ, ಹಿಂಡಿ, ಎಣ್ಣೆ ಮತ್ತು ಗೊಬ್ಬರ ಮಾಡುವ ಕಾರ್ಖಾನೆಗಳನ್ನು ಸರ್ಕಾರವೇ ಪ್ರೋತ್ಸಾಹಿಸಿತು. ಮದ್ರಾಸ್ ಮೀನುಗಾರಿಕಾ ಇಲಾಖೆಯ ಜೇಮ್ಸ್ ಹಾರ್ನೆಲ್ ಬೂತಾಯಿಯ ಜೀವನಚಕ್ರವನ್ನೂ ಕೆಲವು ವರ್ಷ ಅದು ಕಾಣೆಯಾಗುವುದನ್ನೂ ಆಗಲೇ ಅಧ್ಯಯನ ಮಾಡಿದ್ದರು. 1940ರ ದಶಕದಲ್ಲಿ ಇಳುವರಿ ಕುಸಿದಾಗ ಮರಿಗಳನ್ನು ಉಳಿಸಲೆಂದು ಅದೇ ಸರ್ಕಾರ ಕೆಲವು ಬಲೆಗಳಿಗೆ ನಿರ್ಬಂಧ ಹೇರಿತು, ಕೆಲವೇ ವರ್ಷಗಳಲ್ಲಿ ಹಿಂತೆಗೆದುಕೊಂಡಿತು. ಕಣ್ಣಿಡಬೇಕಾದ ದಡ ಬಹಳ ಉದ್ದ, ಕಣ್ಣಿಡುವವರು ಬೆರಳೆಣಿಕೆಯ ಮಂದಿ. ಬಲೆಯ ಹಿಂದೆ ಓಡುವ ನಿಯಂತ್ರಣಕ್ಕೆ ಆಗ ಇದ್ದ ಈ ತೊಡಕು ಈಗಲೂ ಇದೆ.

ಹಿಂದಿನವರು ಕಡಲನ್ನು ತಾಯಿಯೆಂದು ಪೂಜಿಸುತ್ತಿದ್ದರು, ಅದಕ್ಕೇ ಮೀನು ಉಳಿಯಿತು ಎಂಬ ಮಾತೂ ಕೇಳಿಬರುತ್ತದೆ. ಪೂಜೆ ಇಂದಿಗೂ ನಡೆಯುತ್ತಿದೆ. ಉಳಿಸಿದ್ದು ಸಾಧನದ ಮಿತಿ. ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ, ಮೀನು ತಾನಾಗಿ ದಡದ ಬಳಿ ಬಂದಾಗಷ್ಟೇ ಕೆಲಸಕ್ಕೆ ಬರುತ್ತಿತ್ತು. ಅದೂ ಮರಿಗಳನ್ನು ಹಿಡಿಯುತ್ತಿತ್ತು. ಮಿಕ್ಕಿದ್ದು ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಆದರೆ ಬಂದ ಮೀನು ಬಲೆ ಎಳೆದವರಿಗೆಲ್ಲ ಪಾಲಾಗುತ್ತಿತ್ತು, ದಡದಲ್ಲೇ ಕಾಯುತ್ತಿದ್ದ ಮೊಗವೀರ, ಖಾರ್ವಿ ಹೆಂಗಸರು ಅದನ್ನು ತಲೆಹೊರೆಯಲ್ಲಿ ಊರೂರಿಗೆ ಒಯ್ಯುತ್ತಿದ್ದರು. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬಂದು ಮೀನಿನ ಹಿಂಡನ್ನು ದಡ ಸೇರುವ ಮೊದಲೇ ಸುತ್ತುವರಿಯಿತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆಗೆ ಸರಿದವು.

ಬೂತಾಯಿಯ ಏರಿಳಿತಕ್ಕೆ ಮನುಷ್ಯನೊಬ್ಬನೇ ಕಾರಣ ಎನ್ನುವುದು ಸರಿಯಲ್ಲ. ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ನಿನ ಆಸುಪಾಸಿನಲ್ಲಿದ್ದ ಬೂತಾಯಿ ಇಳುವರಿ 2021ರಲ್ಲಿ 3,500 ಟನ್ನಿಗಿಂತ ಕೆಳಗಿಳಿಯಿತು. ಈ ನಡುವೆ ಎಲ್ ನಿನೊ ಬಂದುಹೋಯಿತು, ಕಡಲ ನೀರು ಬಿಸಿಯಾಯಿತು. ಆದರೆ ನಿಸರ್ಗ ಕೈಕೊಟ್ಟ ವರ್ಷದಲ್ಲಿ ಮೀನಿನ ಸಂತತಿ ಚೇತರಿಸಿಕೊಳ್ಳಬೇಕಾದದ್ದು ಉಳಿದ ಮರಿಗಳಿಂದಲೇ. ಹವೆಯನ್ನು ಮೀನುಗಾರಿಕಾ ಇಲಾಖೆ ಬದಲಿಸಲಾರದು. ಮರಿಗಳನ್ನು ಹಿಡಿಯುವುದನ್ನು ತಗ್ಗಿಸಬಲ್ಲದು.

ಫಿಶ್‌ಮೀಲ್ ಉದ್ಯಮದವರ ಒಂದು ಮಾತಿನಲ್ಲಿ ಹುರುಳಿದೆ. ಸತ್ತ ಮೀನನ್ನು ಕಡಲಿಗೆ ಚೆಲ್ಲುವುದಕ್ಕಿಂತ ಬಳಸುವುದು ಮೇಲು, ಇದರಿಂದ ನೂರಾರು ಜನರಿಗೆ ಕೆಲಸವೂ ಸಿಕ್ಕಿದೆ ಎನ್ನುತ್ತಾರೆ ಅವರು. ಆದರೆ ಅಕಸ್ಮಾತ್ತಾಗಿ ಸಿಕ್ಕಿದ್ದನ್ನು ಬಳಸುವ ವ್ಯವಸ್ಥೆಯೇ ಅದನ್ನು ಬೇಕೆಂದು ಹಿಡಿಯುವ ಆಸೆಯನ್ನೂ ಬೆಳೆಸುತ್ತದೆ. ಮೀನಿನ ಮಾಂಸವನ್ನು ಅರೆದು ಸುರಿಮಿ ಮಾಡುವ ಘಟಕಗಳಲ್ಲಿ ಉಳಿಯುವ ತಲೆ, ಮುಳ್ಳು, ಕರುಳುಗಳಿಂದ ಎಷ್ಟು ಹಿಟ್ಟು ಮಾಡಿದರೂ ಯಾರ ತಕರಾರೂ ಇರದು. ಇಡೀ ಮರಿಮೀನನ್ನು ಕೊಳ್ಳುವುದೇ ತೊಂದರೆ.

ಕಾನೂನಿನ ಕೊರತೆಯಂತೂ ಇಲ್ಲ. ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರಿಂದಲೇ ಇದೆ. ಪ್ರಖರ ಬೆಳಕು ಹಾಯಿಸಿ ಹಿಂಡನ್ನು ಸೆಳೆದು ಹಿಡಿಯುವುದನ್ನೂ ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ರಾಜ್ಯದ ಅಧಿಕಾರ 12 ನಾಟಿಕಲ್ ಮೈಲಿಯವರೆಗೆ, ಅಲ್ಲಿಂದ 200ರವರೆಗೆ ಕೇಂದ್ರದ್ದು. ರಾತ್ರಿ ಆ ಗೆರೆಯ ಯಾವ ಬದಿಯಲ್ಲಿ ಬಲೆ ಬಿತ್ತು ಎಂದು ಸಾಬೀತು ಮಾಡುವುದರಲ್ಲೇ ಮೊಕದ್ದಮೆ ಸೊರಗುತ್ತದೆ. ದಕ್ಕೆಗೆ ಬಂದ ಮೀನಿನ ಅಳತೆಗೆ ಈ ಗೊಂದಲವಿಲ್ಲ. ಎಲ್ಲಿ ಹಿಡಿದರೂ 7 ಸೆಂ.ಮೀ. ಬೂತಾಯಿ 7 ಸೆಂ.ಮೀ.ಯದೇ. ಕೇರಳ 2015ರಲ್ಲಿ 14 ಜಾತಿಗಳಿಗೆ ಕನಿಷ್ಠ ಅಳತೆ ಗೊತ್ತುಮಾಡಿ, 2017ರಲ್ಲಿ ಆ ಪಟ್ಟಿಯನ್ನು 58ಕ್ಕೆ ಏರಿಸಿತು. ಅಲ್ಲಿ ಬೂತಾಯಿಗೆ 10, ಬಂಗುಡೆಗೆ 14 ಸೆಂ.ಮೀ. ಒಂದೇ ಹಿಂಡು ಎರಡೂ ರಾಜ್ಯಗಳ ನೀರಿನಲ್ಲಿ ಓಡಾಡುವಾಗ ಅಳತೆಯ ನಿಯಮವೂ ಅದರ ಜಾರಿಯೂ ತಲಪಾಡಿಯ ಗಡಿಯಲ್ಲಿ ನಿಂತುಬಿಡಬಾರದು.

ಈ ಅಳತೆಯನ್ನು ಜಾರಿಗೆ ತರುವ ಜಾಗ ಫಿಶ್‌ಮೀಲ್ ಕಾರ್ಖಾನೆಯ ಗೇಟು ಆಗಬೇಕು. ಕರಾವಳಿಯ ಮೂರು ಜಿಲ್ಲೆಗಳ ಬೋಟುಗಳು ಸಾವಿರಗಳ ಲೆಕ್ಕದಲ್ಲಿವೆ, ಕಾರ್ಖಾನೆಗಳು ಕೆಲವೇ. ಬರುವ ಪ್ರತಿ ಲಾರಿಯಿಂದ ಮಾದರಿ ತೆಗೆದು, ಜಾತಿ ಮತ್ತು ಉದ್ದವನ್ನು ದಾಖಲಿಸಿ, ಮರಿಗಳ ಪಾಲು ಮಿತಿ ಮೀರಿದರೆ ಕೊಂಡವರಿಗೇ ದಂಡ ಹಾಕುವ ವ್ಯವಸ್ಥೆ ಬರಲಿ. ಆ ದಾಖಲೆ ಪ್ರತಿ ವಾರ ಮಂಗಳೂರಿನಲ್ಲಿರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಕ್ಕೆ ತಲುಪಿದರೆ, ಎಲ್ಲಿ ಮರಿಗಳು ಗುಂಪುಗೂಡಿವೆ ಎಂಬುದು ಗೊತ್ತಾಗಿ ಆ ಭಾಗವನ್ನಷ್ಟೇ ಕೆಲವು ದಿನ ಮುಚ್ಚಬಹುದು. ಚೌಕ ಕಣ್ಣಿನ ಚೀಲದ ಖರ್ಚನ್ನು ಮೊದಲ ಸಲ ಸರ್ಕಾರವೇ ಭರಿಸಲಿ. ದಂಡ ಮಾತ್ರ ಬುಟ್ಟಿಯಲ್ಲಿ ನಾಲ್ಕು ಕಿಲೋ ಸಣ್ಣ ಬೂತಾಯಿ ಇಟ್ಟುಕೊಂಡು ಸಂತೆಯಲ್ಲಿ ಕೂತ ಹೆಂಗಸಿನ ಮೇಲೆ ಬೀಳಬಾರದು. ಕಾಯ್ದೆಯಲ್ಲಿ ಚಿಲ್ಲರೆ ಮಾರಾಟವನ್ನು ಸ್ಪಷ್ಟವಾಗಿ ಹೊರಗಿಟ್ಟು, ಟನ್ ಲೆಕ್ಕದ ಖರೀದಿಯನ್ನು ಮಾತ್ರ ಒಳಗೆ ತರಬೇಕು.