ಭಾರತದಿಂದ ಹೋದ ಮೂವರು ಕಮಿಷನರರು

ಪೋಲೀಸರ ನಡತೆಯನ್ನು ಕುರಿತು ನಾವು ಆಡುವ ಮಾತು ಸಾಮಾನ್ಯವಾಗಿ ಠಾಣೆಯ ಬಾಗಿಲಿನಲ್ಲಿಯೇ ನಿಂತುಬಿಡುತ್ತದೆ. ಕಾನ್ಸ್‌ಟೇಬಲ್ ಒರಟ, ಕೈ ಚಾಚುವವ ಎಂದು ಹಳಿದು ಸುಮ್ಮನಾಗುತ್ತೇವೆ. ಅವನ ಮೇಲಿನವರು ಅವನನ್ನು ಹೇಗೆ ನಡೆಸಿಕೊಳ್ಳುತ್ತಾರೆ, ಅವನ ಹಸಿವು ನಿದ್ರೆಗಳನ್ನು ಯಾರು ವಿಚಾರಿಸುತ್ತಾರೆ ಎಂಬ ಪ್ರಶ್ನೆ ನಮಗೆ ಹೊಳೆಯುವುದು ಅಪರೂಪ. ಅರಸನಂತೆ ಪ್ರಜೆ ಎಂದು ಹಿರಿಯರು ಹೇಳಿದ್ದು ರಾಜ್ಯಗಳಿಗೆ ಮಾತ್ರವಲ್ಲ, ಪಡೆಗಳಿಗೂ ಸಲ್ಲುವ ಮಾತು. ಇದನ್ನು ಲಂಡನ್ ನಗರದ ಪೋಲೀಸ್ ಇತಿಹಾಸದ ಮೂವತ್ತು ವರ್ಷಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಆ ಮೂವತ್ತು ವರ್ಷ, ಎಂದರೆ ೧೮೮೮ರಿಂದ ೧೯೧೮ರ ವರೆಗೆ, ಒಬ್ಬರಾದ ಮೇಲೊಬ್ಬರಂತೆ ಆ ಪಡೆಯನ್ನಾಳಿದ ಮೂವರೂ ಭಾರತದಲ್ಲಿ ಅಧಿಕಾರ ನಡೆಸಿ ಹೋದವರೇ ಎಂಬುದು ನಮಗೆ ಇನ್ನೂ ಕುತೂಹಲಕರವಾದ ಸಂಗತಿ.

ಈ ಪಡೆಯನ್ನು ೧೮೨೯ರಲ್ಲಿ ಕಟ್ಟಿದವನು ಅಂದಿನ ಗೃಹಮಂತ್ರಿ ರಾಬರ್ಟ್ ಪೀಲ್. ಅದನ್ನು ನಡೆಸುವ ಹೊಣೆ ಚಾರ್ಲ್ಸ್ ರೋವನ್ ಎಂಬ ಸೈನಿಕ ಮತ್ತು ರಿಚರ್ಡ್ ಮೇನ್ ಎಂಬ ವಕೀಲನ ಮೇಲೆ ಬಿದ್ದಿತು. ರೋವನ್ ಕಲಿತದ್ದು ಸರ್ ಜಾನ್ ಮೂರನ ಶಿಕ್ಷಣದಲ್ಲಿ ಪಳಗಿದ ರೆಜಿಮೆಂಟಿನಲ್ಲಿ. ಸಿಪಾಯಿಯನ್ನು ಚಾವಟಿಯಿಂದ ಅಂಜಿಸುವುದಕ್ಕಿಂತ ಅವನ ಆತ್ಮಗೌರವವನ್ನು ಬೆಳೆಸುವುದು ಮೇಲು ಎಂಬುದು ಅಲ್ಲಿಯ ಪಾಠ. ಲಂಡನ್ನಿನ ಪೋಲೀಸನಿಗೆ ಕೊಟ್ಟ ಮೊದಲ ಸೂಚನೆಗಳಲ್ಲಿ ಸಿಟ್ಟನ್ನು ಹತೋಟಿಯಲ್ಲಿಡುವ ಗುಣಕ್ಕೆ ಅಗ್ರಸ್ಥಾನ ದೊರೆತದ್ದು ಆಕಸ್ಮಿಕವಲ್ಲ. ಕೆಳಗಿನಿಂದ ಬಂದವನು ಮೇಲಿನ ಹುದ್ದೆಗೆ ಏರಬಹುದೆಂಬ ನಿಯಮವೂ ಆಗಲೇ ಬಂದಿತು. ಆದರೆ ನಿಯಮ ಒಳ್ಳೆಯದಿದ್ದರೆ ಸಾಲದು. ಸಂಬಳ ಕಡಮೆ, ದುಡಿಮೆ ಹೆಚ್ಚು, ದಂಡನೆ ಕಠಿನ. ೧೮೩೦ರ ಮೇ ತಿಂಗಳಿನಲ್ಲಿ ಪಡೆಯಲ್ಲಿದ್ದ ಸುಮಾರು ೨,೮೦೦ ಮಂದಿಯಲ್ಲಿ ನಾಲ್ಕು ವರ್ಷಗಳ ಮೇಲೆ ಉಳಿದವರು ೫೬೨ ಮಂದಿ. ಮಿಕ್ಕವರು ಬಿಟ್ಟುಹೋದರು, ಇಲ್ಲವೆ ಕುಡಿತ ಮೊದಲಾದ ತಪ್ಪುಗಳಿಗಾಗಿ ವಜಾ ಆದರು.

೧೮೮೦ರ ದಶಕಕ್ಕೆ ಬರೋಣ. ಸೇನೆಯಿಂದ ಬಂದ ಸರ್ ಚಾರ್ಲ್ಸ್ ವಾರನ್ ಕಮಿಷನರನಾಗಿದ್ದ ಕಾಲದಲ್ಲಿ ಪಡೆಗೆ ದಂಡಿನ ಬಿಗುವು ಬಂದಿತು. ೧೮೮೭ರ ನವೆಂಬರ್ ೧೩ರ ಭಾನುವಾರ ಟ್ರಫಾಲ್ಗರ್ ಚೌಕದಲ್ಲಿ ಜನರ ಮೇಲೆ ನಡೆದ ಪ್ರಹಾರ ರಕ್ತದ ಭಾನುವಾರವೆಂದೇ ಹೆಸರಾಗಿ ಉಳಿಯಿತು. ವಾರನ್ ಹೋದ ಮೇಲೆ ಬಂದವನು ಜೇಮ್ಸ್ ಮನ್ರೋ. ಇವನು ಬಂಗಾಳದ ಸಿವಿಲ್ ಸರ್ವಿಸಿನವನು. ಅಲ್ಲಿ ಪೋಲೀಸ್ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದವನು. ತನ್ನ ಕೈಕೆಳಗಿನವರಿಗೆ ನ್ಯಾಯವಾದ ನಿವೃತ್ತಿವೇತನ ದೊರೆಯಬೇಕೆಂದು ಅವನು ಸರ್ಕಾರದೊಡನೆ ಹೋರಾಡಿದನು. ಮಾತು ನಡೆಯದಿದ್ದಾಗ ೧೮೯೦ರ ಜೂನಿನಲ್ಲಿ ರಾಜೀನಾಮೆ ಕೊಟ್ಟನು. ಅದೇ ವರ್ಷ ಕಾಯಿದೆ ಬಂದು ೨೫ ವರ್ಷ ದುಡಿದವನಿಗೆ ನಿವೃತ್ತಿವೇತನ ಮೇಲಿನವರ ಕೃಪೆಯಾಗದೆ ಹಕ್ಕಾಯಿತು. ಮನ್ರೋ ಅದರ ಹೊಗಳಿಕೆಗೆ ಕಾಯಲಿಲ್ಲ. ಬಂಗಾಳಕ್ಕೆ ಮರಳಿ ರಾಣಾಘಾಟಿನಲ್ಲಿ ರೋಗಿಗಳ ಸೇವೆಗೆ ಒಂದು ಮಿಷನ್ ಸ್ಥಾಪಿಸಿದನು.

ಎರಡನೆಯವನು ಸರ್ ಎಡ್ವರ್ಡ್ ಬ್ರಾಡ್‌ಫರ್ಡ್. ಮದರಾಸಿನ ಅಶ್ವದಳದಿಂದ ವೃತ್ತಿ ಆರಂಭಿಸಿ, ಠಕ್ಕರನ್ನೂ ಡಕಾಯಿತರನ್ನೂ ಹತ್ತಿಕ್ಕುವ ಇಲಾಖೆಯ ಮುಖ್ಯಸ್ಥನಾಗಿದ್ದವನು. ೧೮೬೩ರಲ್ಲಿ ಬೇಟೆಯ ಸಮಯದಲ್ಲಿ ಹೆಣ್ಣುಹುಲಿಯೊಂದರ ಬಾಯಿಗೆ ಸಿಕ್ಕಿ ಎಡಗೈ ಕಳೆದುಕೊಂಡವನು. ಇವನು ಅಧಿಕಾರ ವಹಿಸಿದ ಕೆಲವು ದಿನಗಳಲ್ಲೇ ಬೋ ಸ್ಟ್ರೀಟ್ ಠಾಣೆಯಲ್ಲಿ ಮುಷ್ಕರವೆದ್ದಿತು. ೩೯ ಮಂದಿ ವಜಾ ಆದರು. ಅಲ್ಲಿಗೇ ನಿಂತಿದ್ದರೆ ಇವನ ಹೆಸರು ದಂಡಿಸಿದವರ ಪಟ್ಟಿಯಲ್ಲಿ ಸೇರಿಹೋಗುತ್ತಿತ್ತು. ಆದರೆ ಇವನು ನಗರದ ಠಾಣೆಗಳನ್ನೆಲ್ಲ ಒಂದೊಂದಾಗಿ ಸಂದರ್ಶಿಸಿ, ಸಿಬ್ಬಂದಿಯೊಡನೆ ಮಾತನಾಡಿ, ಅವರು ಬದುಕುವ ರೀತಿಯನ್ನು ಕಣ್ಣಾರೆ ಕಂಡನು. ೧೯೦೩ರ ವರೆಗೆ ಹದಿಮೂರು ವರ್ಷ ಅವನ ಆಳ್ವಿಕೆ ನಡೆಯಿತು. ಆ ಅವಧಿಯಲ್ಲಿ ಮತ್ತೊಂದು ಮುಷ್ಕರ ಏಳಲಿಲ್ಲ.

ಮೂರನೆಯವನಾದ ಸರ್ ಎಡ್ವರ್ಡ್ ಹೆನ್ರಿಯ ಕಥೆಯೇ ಎಲ್ಲಕ್ಕಿಂತ ಯೋಚನೆಗೆ ಹಚ್ಚುವಂಥದು. ಇವನೂ ಬಂಗಾಳದ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದವನು. ಬೆರಳಚ್ಚಿನ ವರ್ಗೀಕರಣಕ್ಕೆ ಜಗತ್ತಿನಲ್ಲಿ ಇವನ ಹೆಸರೇ ಅಂಟಿಕೊಂಡಿತು. ಆ ಕೆಲಸದಲ್ಲಿ ಕೈಜೋಡಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್ ಇನ್ಸ್‌ಪೆಕ್ಟರರು. ಅವರಿಗೆ ಮನ್ನಣೆ ಬಂದದ್ದು ಬಹಳ ತಡವಾಗಿ. ಹೆನ್ರಿ ಕ್ರೂರಿಯಲ್ಲ. ೧೯೧೨ರಲ್ಲಿ, ಬಾಡಿಗೆ ಗಾಡಿಯ ಪರವಾನಗಿ ಸಿಗದ ಸಿಟ್ಟಿನಲ್ಲಿ ಒಬ್ಬ ಯುವಕ ಇವನ ಮನೆಯ ಬಾಗಿಲಲ್ಲೇ ಇವನಿಗೆ ಗುಂಡು ಹೊಡೆದಾಗ, ಅವನಿಗೆ ಶಿಕ್ಷೆ ತಗ್ಗಿಸಬೇಕೆಂದು ಕೇಳಿಕೊಂಡನು. ಮುಂದೆ ಅವನು ಕೆನಡಾಕ್ಕೆ ಹೋಗಲು ಪ್ರಯಾಣದ ವೆಚ್ಚವನ್ನೂ ಕೊಟ್ಟನು. ಹೊಸಬರಿಗೆ ಪೀಲ್ ಹೌಸ್ ಎಂಬ ತರಬೇತಿ ಶಾಲೆ ೧೯೦೭ರಲ್ಲಿ ಬಂದದ್ದೂ ಇವನ ಕಾಲದಲ್ಲೇ.

ಇಂಥವನು ಸೋತದ್ದೆಲ್ಲಿ? ಕೇಳಿಸಿಕೊಳ್ಳುವುದರಲ್ಲಿ. ಪೋಲೀಸರು ರಹಸ್ಯವಾಗಿ ಸಂಘ ಕಟ್ಟತೊಡಗಿದಾಗ ಅದಕ್ಕೆ ಸೇರಿದವರು ಕೆಲಸ ಕಳೆದುಕೊಳ್ಳುವರೆಂದು ಅಪ್ಪಣೆಯಾಯಿತು. ಅಹವಾಲಿಗೆ ಬೇರೆ ದಾರಿಯನ್ನು ಯಾರೂ ತೆರೆಯಲಿಲ್ಲ. ಮಹಾಯುದ್ಧದ ವರ್ಷಗಳಲ್ಲಿ ಬೆಲೆಗಳು ಏರಿ, ಸಂಬಳ ಮಾತ್ರ ಹಿಂದುಳಿಯಿತು. ಕೊನೆಗೆ ಸಂಘದ ಒಬ್ಬ ಕಾನ್ಸ್‌ಟೇಬಲನನ್ನು ವಜಾ ಮಾಡಿದ್ದೇ ಕಿಡಿಯಾಯಿತು. ೧೯೧೮ರ ಆಗಸ್ಟ್ ೩೦ರಂದು ಸುಮಾರು ೧೨,೦೦೦ ಮಂದಿ ಲಂಡನ್ ಪೋಲೀಸರು ಕೆಲಸ ಬಿಟ್ಟು ಬೀದಿಗೆ ಬಂದರು. ಕಮಿಷನರ್ ಆಗ ರಜೆಯ ಮೇಲಿದ್ದನು. ಪ್ರಧಾನಮಂತ್ರಿ ಲಾಯ್ಡ್ ಜಾರ್ಜ್ ವಾರಕ್ಕೆ ೧೩ ಷಿಲಿಂಗುಗಳ ಏರಿಕೆಗೂ ವಿಧವೆಯರ ವೇತನಕ್ಕೂ ಒಪ್ಪಿದನು. ವಜಾ ಆದವನು ಕೆಲಸಕ್ಕೆ ಮರಳಿದನು. ಹೆನ್ರಿ ಪದವಿ ಬಿಟ್ಟನು. ಹದಿನೈದು ವರ್ಷಗಳ ಸದುದ್ದೇಶ ಒಂದೆರಡು ದಿನಗಳಲ್ಲಿ ಕುಸಿಯಿತು. ದಯೆ ಬೇರೆ, ಕಿವಿಗೊಡುವುದು ಬೇರೆ. ದಯೆ ಮೇಲಿನಿಂದ ಇಳಿದು ಬರುತ್ತದೆ. ಅಹವಾಲು ಕೆಳಗಿನಿಂದ ಏರಿ ಹೋಗಬೇಕು.

ಮುಂದೆ ಲಾರ್ಡ್ ಡೆಸ್‌ಬರೊ ಅಧ್ಯಕ್ಷತೆಯ ಸಮಿತಿ ವಿಚಾರಿಸಿದಾಗ, ಕುಶಲವಲ್ಲದ ಕೂಲಿಯವನಿಗಿಂತಲೂ ಪೋಲೀಸನ ಗಳಿಕೆ ಕಡಮೆಯಾಗಿತ್ತೆಂಬುದು ಹೊರಬಿದ್ದಿತು. ದೇಶಕ್ಕೆಲ್ಲ ಒಂದೇ ವೇತನ ಗೊತ್ತಾಯಿತು. ೧೯೧೯ರ ಕಾಯಿದೆ ಮುಷ್ಕರವನ್ನು ನಿಷೇಧಿಸಿತು. ಜೊತೆಗೆ ಅಹವಾಲು ಹೇಳಿಕೊಳ್ಳಲು ಪೋಲೀಸ್ ಫೆಡರೇಷನ್ ಎಂಬ ಅಧಿಕೃತ ವೇದಿಕೆಯನ್ನು ಕೊಟ್ಟಿತು. ಆ ವರ್ಷದ ಎರಡನೆಯ ಮುಷ್ಕರದಲ್ಲಿ ಸೇರಿದವರನ್ನು ಮಾತ್ರ ಮತ್ತೆ ಎಂದೂ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ.

ಹಾಗಾದರೆ ಸಂಬಳ ಏರಿಸಿದರೆ ನೀತಿಯೂ ತಾನಾಗಿ ಏರುವುದೆ? ಇಲ್ಲ. ಹತ್ತು ವರ್ಷಗಳೊಳಗೆ, ರಾತ್ರಿಯ ಕ್ಲಬ್ಬುಗಳಿಂದ ಲಂಚ ತಿಂದು ಸಾವಿರಾರು ಪೌಂಡುಗಳನ್ನು ಕೂಡಿಟ್ಟಿದ್ದ ಗೊಡಾರ್ಡ್ ಎಂಬ ಸಾರ್ಜೆಂಟ್ ಸಿಕ್ಕಿಬಿದ್ದು ೧೯೨೯ರಲ್ಲಿ ಸೆರೆಮನೆಗೆ ಹೋದನು. ಅದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಇವನ ಲಂಚವನ್ನು ವರ್ಷಗಳ ಹಿಂದೆಯೇ ಮೇಲಿನವರ ಗಮನಕ್ಕೆ ತಂದಿದ್ದ ಮತ್ತೊಬ್ಬ ಸಾರ್ಜೆಂಟನ ಮಾತನ್ನು ನಂಬದೆ, ಅವನನ್ನೇ ತಪ್ಪಿತಸ್ಥನೆಂದು ಹೊರಗೆ ಹಾಕಲಾಗಿತ್ತು. ಪ್ರಾಮಾಣಿಕನಿಗೆ ಪರಿಹಾರ ದೊರೆತದ್ದು ಗೊಡಾರ್ಡನ ಶಿಕ್ಷೆಯ ಬಳಿಕ. ಹೊಟ್ಟೆ ತುಂಬಿದರೆ ಪ್ರಲೋಭನೆ ಕುಗ್ಗಬಹುದು. ಆದರೆ ಸತ್ಯ ಹೇಳಿದವನಿಗೆ ಯಾವ ಗತಿಯಾಯಿತೆಂಬುದನ್ನು ನೋಡಿಯೇ ಪಡೆ ತನ್ನ ನೀತಿಯನ್ನು ಕಲಿಯುತ್ತದೆ.

ಈ ಮೂವರು ಪಳಗಿ ಹೋದ ನಮ್ಮ ನಾಡಿನ ಗತಿಯೇನು? ೧೮೬೧ರ ಪೋಲೀಸ್ ಕಾಯಿದೆಯ ವ್ಯವಸ್ಥೆ ಬೇರೆ ಬಗೆಯದು. ಮೇಲಿನ ಹುದ್ದೆಗಳು ಬಹುಕಾಲ ಯೂರೋಪಿಯನ್ನರಿಗೇ ಮೀಸಲು. ಕಾನ್ಸ್‌ಟೇಬಲ್ ಹೇಳಿದ್ದನ್ನು ಮಾಡುವ ಯಂತ್ರ. ಕರ್ಜನ್ ನೇಮಿಸಿದ ಫ್ರೇಸರ್ ಆಯೋಗ ೧೯೦೩ರಲ್ಲಿ ವರದಿ ಒಪ್ಪಿಸಿ, ಪಡೆಯ ತರಬೇತಿ, ಮೇಲ್ವಿಚಾರಣೆಗಳೆರಡೂ ಕೊರತೆಯವು, ಜನ ಅದನ್ನು ಲಂಚಕೋರವೆಂದೂ ಪೀಡಕವೆಂದೂ ಎಣಿಸುತ್ತಾರೆ ಎಂದು ಮುಚ್ಚುಮರೆಯಿಲ್ಲದೆ ನುಡಿಯಿತು. ಸ್ವಾತಂತ್ರ್ಯದ ಮೂವತ್ತು ವರ್ಷಗಳ ಮೇಲೆ, ೧೯೭೭ರಲ್ಲಿ, ನಮ್ಮ ರಾಜ್ಯದ ರಾಜ್ಯಪಾಲರಾಗಿದ್ದ ಧರ್ಮವೀರರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಪೋಲೀಸ್ ಆಯೋಗ ರಚನೆಯಾಯಿತು. ೧೯೭೯ರ ಫೆಬ್ರವರಿಯಲ್ಲಿ ಬಂದ ಅದರ ಮೊದಲ ವರದಿ ಎತ್ತಿಕೊಂಡದ್ದು ಕಾನ್ಸ್‌ಟೇಬಲನ ಬಾಳನ್ನೇ: ವಸತಿ, ದುಡಿಮೆಯ ಅವಧಿ, ಅಧಿಕಾರಿಗಳ ಮನೆಯ ಆರ್ಡರ್ಲಿ ಚಾಕರಿ, ಅಹವಾಲಿನ ದಾರಿ. ಮೂರು ತಿಂಗಳೊಳಗೆ ಪಂಜಾಬಿನಲ್ಲಿ ಪೋಲೀಸರ ಚಳವಳಿ ಎದ್ದು ಬೇರೆ ರಾಜ್ಯಗಳಿಗೂ ಹಬ್ಬಿತು. ವರದಿ ಎಷ್ಟು ಸಕಾಲಿಕವಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ೨೦೧೬ರ ಜೂನ್ ೪ರಂದು ಸಾಮೂಹಿಕ ರಜೆ ಹಾಕಲು ಕರ್ನಾಟಕದ ಪೋಲೀಸರಿಗೆ ಕರೆ ಬಂದಾಗಲೂ ಕೇಳಿಬಂದ ಮಾತುಗಳು ಅವೇ: ವೇತನ, ರಜೆ, ಮೇಲಧಿಕಾರಿಗಳ ಕಿರುಕುಳ. ಅಂದು ಆ ರಜೆ ನಡೆಯಲಿಲ್ಲ. ಮಾತು ಮಾತ್ರ ಉಳಿಯಿತು.

ಕೈಕೆಳಗಿನವರಿಗಾಗಿ ಪದವಿ ಬಿಟ್ಟವನೊಬ್ಬ, ಠಾಣೆ ಠಾಣೆಗೆ ಹೋಗಿ ವಿಚಾರಿಸಿದವನೊಬ್ಬ, ಸಜ್ಜನನಾಗಿದ್ದೂ ಕಿವಿಗೊಡದೆ ಪದವಿ ಕಳೆದುಕೊಂಡವನೊಬ್ಬ. ಇವರ ಚರಿತ್ರೆಯಿಂದ ನಾಗರಿಕರಾದ ನಾವು ಕಲಿಯಬೇಕಾದದ್ದು ಇಷ್ಟು. ಕಾನ್ಸ್‌ಟೇಬಲನು ಮಾಡಿದ ತಪ್ಪಿಗೆ ಅವನೇ ಹೊಣೆ. ಮೇಲಿನವರ ದೋಷದಿಂದ ಅದು ಮಾಫಿಯಾಗದು. ಆದರೆ ತನ್ನ ಮನೆಯಾದ ಪಡೆಯಲ್ಲಿ ನ್ಯಾಯವನ್ನು ಕಾಣದವನು ಬೀದಿಯಲ್ಲಿ ನಮಗೆ ನ್ಯಾಯ ಹಂಚುವನೆಂದು ನಂಬುವುದು ಕಷ್ಟ. ಅವನಿಗೊಂದು ವಾರದ ವಿಶ್ರಾಂತಿಯನ್ನು, ಅಂಜದೆ ಸತ್ಯ ಹೇಳುವ ಅವಕಾಶವನ್ನು ಕೇಳುವುದೆಂದರೆ ನಮ್ಮ ರಕ್ಷಣೆಯನ್ನೇ ಕೇಳಿದಂತೆ.